ಒಬ್ಬರಿಗೊಂದು ಗುಳಿಗೆ

ನಮ್ಮ ಊರಿನಲ್ಲಿ ಎದುರಿಗೆ ಬಂದವರ ಮುಖವನ್ನು ಯಾರೂ ಮೊದಲು ನೋಡುವುದಿಲ್ಲ, ಕಾಲಬುಡವನ್ನು ನೋಡುತ್ತಾರೆ. ನೆರಳು ನೀಲಿಯಾಗಿದ್ದರೆ ಆಮೇಲೆ ತಲೆಯೆತ್ತಿ ಊಟ ಆಯಿತೇ ಎಂದು ಕೇಳುತ್ತಾರೆ. ಕಪ್ಪಗಿದ್ದರೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬೇಲಿಯ ಕಡೆಗೆ ಸರಿದುಬಿಡುತ್ತಾರೆ. ಸೋಮವಾರ ಬೆಳಿಗ್ಗೆ ಚಾವಡಿಯ ಮುಂದೆ ಸಾಲಾಗಿ ನಿಂತು ಒಬ್ಬರಿಗೊಂದರಂತೆ ಕಹಿಗುಳಿಗೆ ನುಂಗುತ್ತೇವೆ. ಹೊತ್ತು ನೆತ್ತಿಯಿಂದ ಇಳಿಯುವಷ್ಟರಲ್ಲಿ ಎಲ್ಲರ ನೆರಳೂ ಆಗ ತಾನೇ ನೀಲಿಯಲ್ಲಿ ಅದ್ದಿ ಹಿಂಡಿದ ಬಟ್ಟೆಯ ಹಾಗೆ ನೆಲದ ಮೇಲೆ ಬಿದ್ದಿರುತ್ತದೆ. ಮೈಯೊಳಗೆ ಔಷಧಿ ಇರುವ ತನಕ ನೀಲಿ, ತೀರಿದ ಮೇಲೆ ಕಪ್ಪು. ಬೇರೆ ಊರುಗಳಲ್ಲಿ ಹೀಗೇನೂ ಇಲ್ಲವೆಂದು ಗುಳಿಗೆ ತರುವ ಗಾಡಿಯವನು ಹೇಳುತ್ತಾನೆ. ಇಲ್ಲದಿದ್ದರೆ ಇಲ್ಲ ಬಿಡಿ, ಅವರ ಊರು ಅವರಿಗೆ.

ನಮ್ಮದು ಜೊಂಡಿನ ಊರು. ಮೂರು ದಿಕ್ಕಿಗೂ ಜವುಗು, ಜವುಗಿನ ತುಂಬ ಆಳೆತ್ತರದ ಜೊಂಡು, ಜೊಂಡಿನ ಬುಡದಲ್ಲಿ ಸೊಳ್ಳೆ. ಜೊಂಡು ಕೊಯ್ದು ಒಣಗಿಸಿ ಚಾಪೆ ಹೆಣೆದರೆ ನಮಗೆ ಊಟ. ಜೊಂಡಿಗೆ ಹೋದರೆ ಚಳಿಜ್ವರ. ಎರಡರ ನಡುವೆ ನಿಂತಿರುವುದು ಆ ಒಂದು ಗುಳಿಗೆ. ನೆರಳು ಕಪ್ಪಾದವರ ಮೈಗೆ ಜ್ವರ ಬಂದು ಕೂರುತ್ತದೆ, ಅವರನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಗೂ ಅದನ್ನು ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಕಪ್ಪು ನೆರಳು ಒಬ್ಬರ ಮನೆಯ ವಿಷಯವಾಗಿ ಉಳಿಯುವುದಿಲ್ಲ, ಅದು ಊರಿನ ವಿಷಯ.

ಹೀಗಿರುವಾಗ ಮನುಷ್ಯರು ಸುಮ್ಮನಿರುತ್ತಾರೆಯೇ? ಮಳೆ ಬೀಳುವಾಗಲ್ಲದೆ ಕೊಡೆ ಬಿಚ್ಚಬಾರದೆಂದು ಊರಲ್ಲಿ ಕಟ್ಟಳೆ ಮಾಡಿದರು. ಹೆಣ್ಣು ನೋಡಲು ಬರುವವರು ಇಳಿಹೊತ್ತಿನಲ್ಲಿ, ಅದೂ ಭಾನುವಾರ ಬರುತ್ತಾರೆ. ಅಂಗಳದಲ್ಲಿ ಹುಡುಗಿಯನ್ನು ನಿಲ್ಲಿಸಿ ವಾರದ ಕೊನೆಗೂ ನೀಲಿ ಎಷ್ಟು ಉಳಿದಿದೆ ನೋಡಿ ಆಮೇಲೆ ಉಪ್ಪಿಟ್ಟಿಗೆ ಕೈಹಾಕುತ್ತಾರೆ. ಏನಾದರೂ ಮುಚ್ಚಿಡುವವರು ನಡುಮಧ್ಯಾಹ್ನ, ನೆರಳು ಪಾದದ ಅಡಿಗೆ ಸೇರಿಕೊಂಡಾಗ ಬೀದಿಗೆ ಇಳಿಯುತ್ತಾರೆ. ಮೋಡ ಮುಚ್ಚಿದ ದಿನ ನಮ್ಮ ಊರು ನೋಡಬೇಕು, ಹಬ್ಬ. ಮಾತು ಬಿಟ್ಟವರೂ ಆವತ್ತು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಂಚಿಕೊಳ್ಳುತ್ತಾರೆ.

ನನ್ನ ಹೆಸರು ತಿಮ್ಮಾಜಮ್ಮ. ಊರು ಕರೆಯುವುದು ಗಟ್ಟಿನೀಲಿ ತಿಮ್ಮಾಜಮ್ಮ ಎಂದು. ಮುಂದಿನ ಸೋಮವಾರ ಬಂದರೂ ನನ್ನ ನೆರಳು ಹಿಂದಿನ ಸೋಮವಾರ ಎಷ್ಟು ನೀಲಿಯಿತ್ತೋ ಅಷ್ಟೇ ಇರುತ್ತಿತ್ತು, ಅದರ ಮೇಲೆ ಇನ್ನೊಂದು ಗುಳಿಗೆ ಬೀಳುತ್ತಿತ್ತು. ಚಾವಡಿಯ ಯಜಮಾನ ಮರಿಸ್ವಾಮಪ್ಪನಿಗೆ ನನ್ನ ಮೇಲೆ ಎಷ್ಟು ಗೌರವವೆಂದರೆ, ಎಲ್ಲರ ಬಾಯಿಯನ್ನೂ ಮರದ ಚಮಚ ಹಾಕಿ ನಾಲಗೆ ಎತ್ತಿಸಿ ನೋಡುವವನು ನನ್ನ ಬಾಯಿಯನ್ನು ಮಾತ್ರ ನೋಡುತ್ತಿರಲಿಲ್ಲ. ನಾನೂ ಸ್ವಲ್ಪ ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಆ ನೀಲಿಯ ಜೊತೆ ಇನ್ನೊಂದು ಬಂದಿತ್ತು, ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ಕಿವಿಯೊಳಗೆ ಜೀರುಂಡೆ ಕೂತಿತ್ತು. ಕೂತಲ್ಲಿ ಕೂರಲಾರೆ, ಮಲಗಿದರೆ ಮಂಚವೇ ತೂಗಿದಂತೆ. ಚಾಪೆ ಹೆಣೆಯುತ್ತ ಹೆಣೆಯುತ್ತ ಎದ್ದು ಹಿತ್ತಲಿಗೆ ಹೋಗುವುದು, ಅಲ್ಲಿಂದ ಬೀದಿಗೆ, ಬೀದಿಯಿಂದ ಮತ್ತೆ ಹಿತ್ತಲಿಗೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ನೀಲಿಗೂ ಇದಕ್ಕೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಮಾನ ತಂದುಕೊಡುವ ವಸ್ತುವಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ನನ್ನ ಗಂಡ ಸಣ್ಣೀರಪ್ಪನ ಸಂಗತಿ ಇದಕ್ಕೆ ಪೂರ್ತಿ ಉಲ್ಟಾ. ಸೋಮವಾರ ನನ್ನ ಪಕ್ಕದಲ್ಲೇ ನಿಂತು, ನನ್ನ ಕಣ್ಣೆದುರಿಗೇ ಗುಳಿಗೆ ನುಂಗಿ, ಬಾಯಿ ಅಗಲಿಸಿ ತೋರಿಸಿ ಬರುತ್ತಿದ್ದ. ಗುರುವಾರಕ್ಕೆ ನೆರಳು ಇದ್ದಿಲು. ಅವನನ್ನು ಊರು ಉಗುಳುಬಾಯಿ ಎಂದು ಕರೆಯಿತು. ಗುಳಿಗೆಯನ್ನು ಉಗುಳಿ ಊರಿಗೆ ಜ್ವರ ತರುವವರಿಗೆ ನಮ್ಮಲ್ಲಿ ಇರುವ ಹೆಸರು ಅದು, ಅದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿಲ್ಲ. ಇಲ್ಲ, ಅವನು ನುಂಗುತ್ತಾನೆ ಎಂದು ನಾನು ಮನೆಮನೆಗೂ ಹೋಗಿ ಹೇಳಿದೆ. ಗಂಡನ ಪರ ಹೆಂಡತಿ ಹೇಳದೆ ಇನ್ನಾರು ಹೇಳುತ್ತಾರೆ ಎಂದರು. ಒಂದು ವರ್ಷ ಜೊಂಡಿನ ಕೊಯ್ಲಿನಲ್ಲಿ ನಡುಗುತ್ತ ಮನೆಗೆ ಬಂದ, ಮೂರು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಕೊನೆಗೆ ನಿಂತಾಗ ಅವನೇ ಇರಲಿಲ್ಲ. ಹೆಣ ಎತ್ತಲು ಜನ ಬಂದಿದ್ದು ಆವತ್ತು ಮೋಡ ಇತ್ತೆಂದು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ನಮಗೆ ಇದ್ದವಳು ಒಬ್ಬಳೇ ಮಗಳು, ದೇವೀರಿ. ಮೂಗು ನನ್ನದು, ಮೈ ಅವಳಪ್ಪನದು. ಚಿಕ್ಕವಳಿದ್ದಾಗ ಮಕ್ಕಳ ನೆರಳನ್ನು ಯಾರೂ ಅಷ್ಟು ದಿಟ್ಟಿಸುವುದಿಲ್ಲ. ದೊಡ್ಡವಳಾಗಿ ಜೊಂಡಿಗೆ ಇಳಿಯತೊಡಗಿದ ಮೇಲೆ ಗೊತ್ತಾಯಿತು. ಗುರುವಾರಕ್ಕೆ ಕಪ್ಪು, ಅಪ್ಪನ ಹಾಗೆಯೇ. ಊರಿನ ಬಾಯಿಗೆ ಹಳೆಯ ಹೆಸರು ತಟ್ಟನೆ ಬಂತು. ಉಗುಳುಬಾಯಿಯ ಮಗಳು ಉಗುಳುಬಾಯಿ. ಹಾಗೆಂದು ಬಿಟ್ಟಿದ್ದರೆ ಕಿವುಡಿಯಂತೆ ಇದ್ದುಬಿಡುತ್ತಿದ್ದೆ. ಆದರೆ ಅಷ್ಟರಲ್ಲಿ ಮರಿಸ್ವಾಮಪ್ಪ ಹೊಸ ಕಟ್ಟಳೆ ತಂದಿದ್ದ. ಉಗುಳುವುದನ್ನು ಬಿಡದವರಿಗೆ ಗುಳಿಗೆ ಕೊಟ್ಟರೂ ವ್ಯರ್ಥ, ಅವರು ಕಾಲುವೆಯಾಚೆ ಗುಡಿಸಲು ಹಾಕಿಕೊಂಡು ಇರಲಿ. ಕಾಲುವೆಯಾಚೆ ಹೋದವರು ಎರಡನೆಯ ಮಳೆಗಾಲ ನೋಡಿದ್ದಿಲ್ಲ.

ಮರಿಸ್ವಾಮಪ್ಪ ಕೆಟ್ಟವನೆಂದು ನೀವು ತಿಳಿಯಬಾರದು. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಅವನ ಇಬ್ಬರು ಗಂಡುಮಕ್ಕಳು ಜ್ವರದಲ್ಲಿ ಹೋದವರು. ಆಗ ಗುಳಿಗೆ ಬಂದರೆ ದೊಡ್ಡ ಮನೆಗಳವರು ಬೊಗಸೆ ತುಂಬ ಎತ್ತಿಕೊಂಡು ಕಣಜದಲ್ಲಿ ಇಡುತ್ತಿದ್ದರು, ಉಳಿದವರು ಬೇವಿನೆಲೆ ಅರೆದು ಕುಡಿಯುತ್ತಿದ್ದರು. ಇವನು ಕೂಗಾಡಿ, ಹೊಡೆಸಿಕೊಂಡು, ಗುಳಿಗೆಯನ್ನೆಲ್ಲ ಚಾವಡಿಯ ಪೆಟ್ಟಿಗೆಗೆ ತಂದು ಹಾಕಿಸಿದ. ಧಣಿಯಾಗಲಿ ಆಳಾಗಲಿ, ಒಬ್ಬರಿಗೊಂದು ಗುಳಿಗೆ. ಊರು ಉಳಿದದ್ದು ಅದರಿಂದ. ಅದನ್ನು ಮುಟ್ಟಿದರೆ ಅವನ ಸತ್ತ ಮಕ್ಕಳನ್ನು ಮುಟ್ಟಿದಂತೆ.

ಆದರೂ ಹೋಗಿ ಕೇಳಿದೆ. ಐದು ಬೆರಳು ಒಂದೇ ಸಮ ಇರುತ್ತವೆಯೇ, ಒಬ್ಬರ ಮೈಯಲ್ಲಿ ಉಳಿಯುವ ಔಷಧಿ ಇನ್ನೊಬ್ಬರ ಮೈಯಲ್ಲಿ ಬೇಗ ಕರಗಬಾರದೇಕೆ ಎಂದೆ. ಅವನು ತನ್ನ ಕೈಬೆರಳುಗಳನ್ನು ನೋಡಿಕೊಂಡ.

"ಬೆರಳು ಬ್ಯಾರೆ ಇರಬೋದು ತಿಮ್ಮಾಜಮ್ಮ. ಗುಳಿಗೆ ಒಂದೇ. ಇವತ್ತು ನಿನ್ ಮಗಳಿಗೆ ಒಂದು ಅಳತೆ, ನಾಳೆ ಇನ್ನೊಬ್ಬರಿಗೆ ಒಂದು ಅಳತೆ ಅಂದ್ರೆ, ನಾಡಿದ್ದು ಧಣಿ ಬಂದು ನಂಗೆ ಬೊಗಸೆ ಬೇಕು ಅಂತಾನೆ. ಆಗ ಏನು ಹೇಳ್ಲಿ?"

ಕೊನೆಗೆ ಅವನೇ ಒಂದು ದಾರಿ ತೋರಿಸಿದ. ಗುಳಿಗೆ ನುಂಗಿಸಿ ದೇವೀರಿಯನ್ನು ಚಾವಡಿಯ ಜಗುಲಿಯಲ್ಲಿ ಕೂರಿಸುವುದು, ಸರದಿಯ ಮೇಲೆ ಹೆಂಗಸರು ಕಾಯುವುದು, ಅಲ್ಲೇ ಊಟ, ಅಲ್ಲೇ ನಿದ್ದೆ. ನನ್ನ ಎದೆ ಹಗುರಾಯಿತು. ಇನ್ನು ಸತ್ಯ ಹೊರಗೆ ಬರುತ್ತದಲ್ಲ ಎಂದುಕೊಂಡೆ. ಬಂತು. ಕಾಯುವವರ ಕಣ್ಣೆದುರಿಗೇ ಗುರುವಾರ ಬೆಳಿಗ್ಗೆ ಅವಳ ನೆರಳು ಕಪ್ಪಾಗಿ ಕೂತಿತು. ಉಗುಳಿಲ್ಲ ಎಂದು ಹೆಂಗಸರೆಲ್ಲ ಪ್ರಮಾಣ ಮಾಡಿದರು. ಆಗ ಊರು ಏನೆಂದು ತೀರ್ಮಾನಿಸಿತು ಗೊತ್ತೇ? ಬಾಯಿ ಉಗುಳದಿದ್ದರೆ ಇವಳ ಮೈಯೇ ಉಗುಳುತ್ತದೆ, ಬಾಯಿ ಉಗುಳುವವರನ್ನು ತಿದ್ದಬಹುದು, ಮೈ ಉಗುಳುವವರನ್ನು ಹೇಗೆ ತಿದ್ದುವುದು ಎಂದು. ಕೊಯ್ಲು ಮುಗಿಯುವ ತನಕ ನೋಡೋಣ, ಆಮೇಲೆ ಕಾಲುವೆಯಾಚೆ ಎಂದರು. ದೇವೀರಿ ಮನೆಗೆ ಬಂದು ಕುಡುಗೋಲು ಮಸೆಯಲು ಕೂತಳು. ಮಸೆದದ್ದನ್ನೇ ಮಸೆಯುತ್ತಿದ್ದಳು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ಆ ದಿನಗಳಲ್ಲಿ ಅವಳ ಹಣೆ ಮುಟ್ಟಿ ಮುಟ್ಟಿ ನೋಡುವುದೇ ನನ್ನ ಕೆಲಸವಾಯಿತು. ಬಿಸಿಯಾಗಿದ್ದರೆ ಜ್ವರವೇ ಬಂತೆಂದು ನನ್ನ ಕೈಕಾಲು ತಣ್ಣಗಾಗುವುದು, ತಣ್ಣಗಿದ್ದರೆ ನಡುಕ ಈಗ ಶುರುವಾಗುತ್ತದೇನೋ ಎಂದು ಕಾಯುವುದು.

ಮುಂದಿನ ಸೋಮವಾರ ನನ್ನ ಹೊಟ್ಟೆ ಕೆಟ್ಟಿತ್ತು. ಗುಳಿಗೆಯನ್ನು ಬಾಯಿಗೆ ಹಾಕಿಕೊಂಡರೆ ಕರುಳೇ ಮೇಲೆ ಬಂದಂತಾಗಿ ನುಂಗಲು ಆಗಲಿಲ್ಲ. ಎಲೆಯಡಿಕೆಯ ಜೊತೆ ಕೆನ್ನೆಗೆ ಒತ್ತಿಕೊಂಡು ಹಾಗೆಯೇ ಮನೆಗೆ ಬಂದೆ. ನನ್ನ ಬಾಯನ್ನು ಯಾರು ನೋಡುತ್ತಾರೆ, ಗಟ್ಟಿನೀಲಿ ತಿಮ್ಮಾಜಮ್ಮನ ಬಾಯನ್ನು? ಹಿತ್ತಲಲ್ಲಿ ಅದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ಒಲೆಗೆ ಎಸೆಯಬೇಕೆಂದಿದ್ದೆ, ಎಸೆಯಲಿಲ್ಲ. ನಾಲ್ಕಾರು ದಿನ ಸೂರಿನಡಿಯಲ್ಲೇ ಓಡಾಡಿದೆ, ಕಪ್ಪಾದರೆ ಯಾರಾದರೂ ನೋಡಿಯಾರೆಂದು. ಭಾನುವಾರ ಧೈರ್ಯ ಮಾಡಿ ಅಂಗಳಕ್ಕೆ ಇಳಿದರೆ ನೆರಳು ಮೊದಲಿನಷ್ಟೇ ನೀಲಿ. ಮುಂದಿನ ಸೋಮವಾರವೂ ಬೇಕೆಂದೇ ಕೆನ್ನೆಯಲ್ಲಿ ತಂದೆ. ಆಗಲೂ ನೀಲಿ. ಜೊತೆಗೆ ಕಿವಿಯ ಜೀರುಂಡೆ ದೂರ ಸರಿಯತೊಡಗಿತು. ಒಂದು ದಿನ ಮಧ್ಯಾಹ್ನ ಚಾಪೆ ಹೆಣೆಯಲು ಕೂತವಳು ಚಾಪೆ ಮುಗಿಯುವ ತನಕ ಏಳಲಿಲ್ಲ. ಆಮೇಲೆ ಅದು ತಿಳಿದು ನಾನೇ ಗಾಬರಿಯಾದೆ.

ನನ್ನ ಮೈ ಜಿಪುಣರ ಮೈ, ಬಂದದ್ದನ್ನು ಬಿಡುವುದಿಲ್ಲ. ಮಗಳದು ಕೊಡುಗೈ. ಇಷ್ಟು ತಿಳಿಯಲು ನನಗೆ ಅರ್ಧ ಆಯಸ್ಸು ಹಿಡಿಯಿತು. ಗುರುವಾರ ಬೆಳಿಗ್ಗೆ ನನ್ನ ಗುಳಿಗೆಯನ್ನು ಬೆಲ್ಲದೊಳಗೆ ಇಟ್ಟು ದೇವೀರಿಯ ಕೈಗೆ ಕೊಟ್ಟೆ. ಏನು, ಏಕೆ ಎಂದು ಕೇಳಲಿಲ್ಲ. ನನ್ನ ಮುಖವನ್ನೂ ಅಂಗಳದ ನನ್ನ ನೆರಳನ್ನೂ ಒಮ್ಮೆ ನೋಡಿ ಬಾಯಿಗೆ ಹಾಕಿಕೊಂಡಳು. ಭಾನುವಾರ ಇಳಿಹೊತ್ತಿನಲ್ಲಿ ಬೀದಿಯ ನಡುವೆ ಅವಳು ನಡೆದು ಬಂದಾಗ ಅವಳ ಹಿಂದೆ ಉದ್ದಕ್ಕೆ ಬಿದ್ದಿದ್ದ ನೆರಳು ಹೊಸ ಸೀರೆಯ ನೀಲಿ. ನನ್ನ ಗಂಡ ಸತ್ತ ಮೇಲೆ ಮೊದಲ ಸಲ ನಾನು ಬಾಗಿಲಲ್ಲಿ ನಿಂತು ಖುಷಿಯಿಂದ ಅತ್ತೆ.

ಹೀಗೆ ಗುಟ್ಟಾಗಿ ನಡೆದುಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನೀಲಿ ನೆರಳು ಮುಚ್ಚಿಡುವ ವಸ್ತುವಲ್ಲ. ಜನ ನೋಡಿದರು, ಮೆಚ್ಚಿದರು. ಕಾಲುವೆಯಾಚೆಯ ಮಾತು ನಿಂತಿತು. ಒಂದು ಸೋಮವಾರ ಮರಿಸ್ವಾಮಪ್ಪ ಸಾಲಿನ ಮುಂದೆ ಅವಳ ತಲೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೊಗಳಿದ. ಭಯವೂ ಒಳ್ಳೆಯದೇ, ಉಗುಳುವುದನ್ನು ಬಿಟ್ಟ ಮೇಲೆ ಈ ಹುಡುಗಿ ಹೇಗಾಗಿದ್ದಾಳೆ ನೋಡಿ ಎಂದ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಇವಳಪ್ಪನೂ ಇಷ್ಟು ಮಾಡಿದ್ದರೆ ಇವತ್ತು ಬದುಕಿರುತ್ತಿದ್ದ ಎಂದುಬಿಟ್ಟ. ನಾನು ದೇವೀರಿಯ ಮುಂಗೈ ಹಿಡಿದು ಒತ್ತಿದೆ. ಅವಳು ನನ್ನ ಕೈಯನ್ನು ಬಿಡಿಸಿಕೊಂಡಳು.

"ನಮ್ಮಪ್ಪ ಉಗುಳ್ಲಿಲ್ಲ ಯಜಮಾನ್ರೆ. ನಾನೂ ಉಗುಳ್ಲಿಲ್ಲ. ನಂಗೆ ಒಂದು ಸಾಕಾಗಾಕಿಲ್ಲ, ಅದಕ್ಕೆ ಎರಡು ನುಂಗ್ತಿದ್ದೀನಿ. ಅಪ್ಪಂಗೆ ಯಾರೂ ಕೊಡ್ಲಿಲ್ಲ, ಅಷ್ಟೇಯ."

ಎರಡನೆಯದು ಎಲ್ಲಿಂದ ಬಂತೆಂದು ಯಾರೋ ಹಿಂದಿನಿಂದ ಕೂಗಿದರು. ನಾನು ಮುಂದೆ ಬಂದು ನನ್ನದು ಎಂದೆ. ನುಂಗದೆ ಎಷ್ಟು ಸೋಮವಾರ ಆಯಿತೆಂದೂ ಹೇಳಿ, ನೋಡಿಕೊಳ್ಳಿ ಎಂದು ಬಿಸಿಲಿಗೆ ನಿಂತೆ. ನೆರಳು ನೀಲಿಯೇ ಇತ್ತು. ಇಡೀ ಸಾಲು ನನ್ನ ನೆರಳಿನ ಸುತ್ತ ಬಾವಿಯ ಸುತ್ತ ನಿಂತಂತೆ ನಿಂತಿತು. ಮರಿಸ್ವಾಮಪ್ಪ ಬಗ್ಗಿ ಅದನ್ನು ಅಂಗೈಯಿಂದ ಮುಟ್ಟಿದ. ಆಮೇಲೆ ಮೇಲೆದ್ದು, ಯಾರನ್ನೂ ನೋಡದೆ, ಸಣ್ಣೀರಪ್ಪ ಉಗುಳಿರಲಿಲ್ಲ ಎಂದು ಒಪ್ಪಿಕೊಂಡ. ಅಷ್ಟು ವರ್ಷ ನಾನು ಕಾದಿದ್ದ ಮಾತು ಅದು.

ಅಲ್ಲಿಗೆ ಗೆದ್ದೆವೆಂದುಕೊಂಡೆ. ಆದರೆ ಮರಿಸ್ವಾಮಪ್ಪ ನ್ಯಾಯವಂತ, ನ್ಯಾಯವಂತರ ತೊಂದರೆಯೇ ಬೇರೆ. ಆ ವಾರವೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. ಒಂದು ಗುಳಿಗೆ ಒಬ್ಬರಿಗೆ ಸಾಲದೆಂದರೆ ಅದು ಯಾರಿಗೂ ಸಾಲದು. ಒಬ್ಬರಿಗೆ ಎರಡು ಕೊಟ್ಟು ಇನ್ನೊಬ್ಬರಿಗೆ ಒಂದು ಕೊಟ್ಟರೆ ಅದು ಹಳೆಯ ಬೊಗಸೆಯ ಕಾಲಕ್ಕೆ ವಾಪಸು ಹೋದಂತೆ. ಆದ್ದರಿಂದ ಇನ್ನು ಮುಂದೆ ಎಲ್ಲರಿಗೂ ಎರಡೆರಡು. ಗಾಡಿಯವನಿಗೆ ಹೇಳಿ ತರಿಸಿಯೂ ಆಯಿತು. ನಾನು ಬಡಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ ಆಗುತ್ತದೆ, ನನ್ನಂಥವರು ಇನ್ನೂ ಇದ್ದಾರೆ, ಅವರಿಗೆ ಇದು ವಿಷ ಎಂದೆ. ಜನ ನಕ್ಕರು. ಔಷಧಿ ಹೆಚ್ಚಾದರೆ ವಿಷವಾಗುತ್ತದೆಂದು ಗುಳಿಗೆ ಕದ್ದವಳು ಹೇಳಿದರೆ ಯಾರು ಕೇಳುತ್ತಾರೆ? ಊರಿನಲ್ಲಿ ನಿಜವಾಗಿ ಗುಳಿಗೆಯನ್ನು ಬಾಯಿಯಿಂದ ಹೊರಗೆ ತಂದವಳು ನಾನೊಬ್ಬಳೇ. ಹಾಗಾಗಿ ಮರದ ಚಮಚ ಮೊದಲು ಬಂದದ್ದು ನನ್ನ ಬಾಯಿಗೆ. ನಾನು ಒಲ್ಲೆನೆಂದರೆ ನನ್ನ ಮನೆಗೇ ಗುಳಿಗೆ ಇಲ್ಲ ಎಂದರು. ನನ್ನ ಮನೆಯೆಂದರೆ ದೇವೀರಿ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ನುಂಗಿದೆ.

ಆಮೇಲಿನ ದಿನಗಳಲ್ಲಿ ನಮ್ಮ ಊರಿನಷ್ಟು ನೀಲಿಯಾದ ಊರು ಇನ್ನೊಂದಿರಲಿಲ್ಲ. ಬೀದಿಯೇ ನೀಲಿ, ಗೋಡೆಯ ಮೇಲೆ ಬಿದ್ದ ನೆರಳು ಸುಣ್ಣಕ್ಕೆ ಅಂಟಿಕೊಂಡಿತೇನೋ ಎನ್ನುವಷ್ಟು ಗಾಢ. ಜ್ವರ ಒಬ್ಬರಿಗೂ ಬರಲಿಲ್ಲ, ಅದನ್ನು ಹೇಳಲೇಬೇಕು. ದೇವೀರಿಯಂಥವರು, ಹಿಂದೆ ವಾರದ ಕೊನೆಗೆ ಸೂರಿನಡಿ ಸೇರುತ್ತಿದ್ದವರು, ಈಗ ಎದೆಯೆತ್ತಿ ನಡೆದರು. ಆದರೆ ಊರಿಗೆ ಊರೇ ಕೂತಲ್ಲಿ ಕೂರದಾಯಿತು. ಒಬ್ಬರು ಮಾತಾಡಿದರೆ ಇನ್ನೊಬ್ಬರು ಆಂ ಎನ್ನುವರು. ಕೆಲವರು ಗೋಡೆ ಹಿಡಿದು ನಡೆಯುವರು, ಕೇಳಿದರೆ ಮೊಣಕಾಲು ನೋವು ಎನ್ನುವರು. ಚಾಪೆಮಗ್ಗದ ಮುಂದೆ ಕೂತ ಹೆಂಗಸರು ನಾಲ್ಕು ಎಳೆ ಹಾಕಿ ಎದ್ದು ಬಾಗಿಲಿಗೆ ಬರುವರು, ಯಾರೂ ಕರೆದಿಲ್ಲವೆಂದು ನೋಡಿ ಒಳಗೆ ಹೋಗುವರು. ಯಾರಿಗೆ ಹೀಗೆ ಆಗುತ್ತಿದೆ, ಯಾರಿಗೆ ಆಗುತ್ತಿಲ್ಲ ಎಂದು ನನಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಅವರಿಗೂ ತಿಳಿದಿತ್ತು. ಆದರೆ ಅಷ್ಟು ಚೆಂದದ ನೀಲಿಯನ್ನು ಇಟ್ಟುಕೊಂಡು ಬೇಡವೆನ್ನುವುದು ಹೇಗೆ? ಮೊದಲು ಬಾಯಿಬಿಟ್ಟವನು ಉಗುಳುಬಾಯಿ.

ನನಗಂತೂ ಜೀರುಂಡೆ ಹೋಗಿ ಗಿರಣಿ ಬಂದು ಕೂತಿತು. ದೇವೀರಿ ಹತ್ತಿರ ಬಂದು ಕೂಗಿದರೆ ಮಾತ್ರ ಕೇಳಿಸುತ್ತಿತ್ತು. ಕಣ್ಣಿನ ಅಂಚಿನಲ್ಲಿ ಮಂಜು ಕಟ್ಟಿ ದಿನದಿನಕ್ಕೂ ಒಳಗೆ ಬರುತ್ತಿತ್ತು. ಚಾಪೆಯಲ್ಲಿ ಎಳೆ ತಪ್ಪಿಸುತ್ತಿದ್ದೆ, ತಪ್ಪಿದ ಎಳೆಗಳನ್ನು ಅವಳು ನಾನು ನೋಡದಾಗ ಬಿಚ್ಚಿ ಹೆಣೆಯುತ್ತಿದ್ದಳು. ಒಂದು ಶನಿವಾರ ಒಲೆಯ ಮುಂದೆ ಕೂತು ಪಾತ್ರೆಗೆ ಕೈಹಾಕಲು ಹೋಗಿ ಕೆಂಡಕ್ಕೆ ಹಾಕಿದೆ. ಕೈಗೆ ಬೆಣ್ಣೆ ಸವರುತ್ತ ಸವರುತ್ತ ದೇವೀರಿ ನನ್ನ ಕಿವಿಗೆ ಬಾಯಿಟ್ಟಳು.

"ಈ ಸೋಮವಾರ ನಾನು ಸಾಲಲ್ಲಿ ನಿಂತ್ಕಳಲ್ಲ ಅವ್ವ. ಕಾಲುವೆಯಾಚೆ ಹೋಯ್ತೀನಿ. ನಾನಿಲ್ದಿದ್ರೆ ನಿನ್ನ ಯಾರು ಬಲವಂತ ಮಾಡ್ತಾರೆ, ಬ್ಯಾಡ ಅಂದ್ಬುಡು. ನೀನು ಸತ್ತು ನಾನು ನೀಲಿಯಾಗಿ ಯಾರಿಗೆ ತೋರಿಸ್ಲಿ?"

ಬೈದೆ, ಅತ್ತೆ, ಸುಟ್ಟ ಕೈಯಲ್ಲೇ ಅವಳ ಜಡೆ ಹಿಡಿದು ಕೂತೆ. ಅವಳು ಸಮಾಧಾನ ಮಾಡಿದಳೇ ಹೊರತು ಹೂಂ ಎನ್ನಲಿಲ್ಲ. ನನಗೆ ಗೊತ್ತು, ಅಪ್ಪನ ಮೈಯಷ್ಟೇ ಅಲ್ಲ, ಹಟವೂ ಬಂದಿದೆ. ಭಾನುವಾರ ಬೆಳಿಗ್ಗೆ ಎದ್ದು ಅವಳು ಎರಡು ಸೀರೆ, ಕುಡುಗೋಲು, ಒಂದು ಚೊಂಬು ಗಂಟು ಕಟ್ಟಿ ಮೂಲೆಗಿಟ್ಟಳು. ನಾನು ಆ ಗಂಟನ್ನು ಬಿಚ್ಚುವುದು, ಅವಳು ಕಟ್ಟುವುದು. ಬೆಳಗೆಲ್ಲ ಇದೇ ಆಯಿತು. ಒಬ್ಬಳನ್ನು ಜ್ವರಕ್ಕೆ ಕೊಡುವುದೋ ಇನ್ನೊಬ್ಬಳನ್ನು ಔಷಧಿಗೆ ಕೊಡುವುದೋ, ನಮ್ಮ ಮನೆಗೆ ಅಷ್ಟೇ ಉಳಿದಿತ್ತು.

ಹೊತ್ತು ನೆತ್ತಿಗೆ ಬಂದು ಬೀದಿ ಖಾಲಿಯಾದಾಗ ಬಾಗಿಲಿಗೆ ಯಾರೋ ಅಡ್ಡವಾದರು. ಮಂಜುಗಣ್ಣಿಗೆ ಮೊದಲು ಗುರುತು ಹತ್ತಲಿಲ್ಲ. ಮರಿಸ್ವಾಮಪ್ಪ. ಯಜಮಾನನೂ ಈ ಹೊತ್ತಿನಲ್ಲಿ ಬೀದಿಗೆ ಇಳಿಯುವುದು ಎಂದರೇನು? ಒಂದು ಕೈಯಲ್ಲಿ ಬಾಗಿಲವಾಡ ಹಿಡಿದೇ ಒಳಗೆ ಕಾಲಿಟ್ಟು ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಹಿಂದೆಮುಂದೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಗುಟ್ಟು ಹೇಳುವವನಂತೆ ನನ್ನ ಕಿವಿಯ ಹತ್ತಿರ ಬಗ್ಗಿದ. ಆಮೇಲೆ ಸೂರಿನ ದೂಳು ಉದುರುವಂತೆ ಕೂಗಿದ.

"ತಿಮ್ಮಾಜಮ್ಮ, ಆ ಗುಳಿಗೆನ ಕೆನ್ನೇಲಿ ಹೆಂಗೆ ಇಟ್ಕತಿದ್ದೆ? ಯಾರಿಗೂ ತಿಳೀದಂಗೆ ನಂಗೂ ಹೇಳ್ಕೊಡವ್ವ."

ಮೆಲ್ಲಗೆ, ಮೆಲ್ಲಗೆ ಎಂದು ನಾನು ಕೈಯಾಡಿಸಿದೆ. ಪಾಪ, ನನಗೆ ಕೇಳಿಸಲಿಲ್ಲವೆಂದುಕೊಂಡು ಇನ್ನೂ ಗಟ್ಟಿಯಾಗಿ ಕೂಗಿದ. ತನ್ನ ದನಿ ತನಗೇ ಕೇಳಿಸದವನಿಗೆ ಪಿಸುಮಾತು ಯಾವುದು, ಕೂಗು ಯಾವುದು? ಕಿವಿ ಹೋಯಿತು, ಎದುರಿಗೆ ಇರುವವರು ಇಬ್ಬರಾಗಿ ಕಾಣುತ್ತಾರೆ, ಮಕ್ಕಳನ್ನು ಮಣ್ಣು ಮಾಡಿದ ದಿನವೂ ನಾನು ಹೀಗೆ ನಡುಗಿರಲಿಲ್ಲ, ಇನ್ನೊಂದು ಸೋಮವಾರ ನಾನು ತಡೆಯಲಾರೆ, ಆದರೆ ಕಟ್ಟಳೆ ಮಾಡಿದವನೇ ಬೇಡವೆಂದರೆ ಊರು ಏನೆಂದೀತು ಎಂದು ಬಿಕ್ಕುತ್ತ ಬೀದಿಗೆಲ್ಲ ಸಾರಿದ. ಎದುರು ಮನೆಯ ಬಾಗಿಲು ತೆರೆಯಿತು. ಅದರ ಪಕ್ಕದ್ದು, ಅದರಾಚೆಯದು. ಕಿವಿ ಇದ್ದವರು ಕೇಳಿ ಬಂದರು, ಇಲ್ಲದವರು ಬಂದವರನ್ನು ನೋಡಿ ಬಂದರು. ನಮ್ಮ ಬಾಗಿಲ ಮುಂದೆ ಜನ ಕೂಡಿದ್ದು ಅವನಿಗೆ ತಿಳಿದದ್ದು ಒಳಗೆ ಬೆಳಕು ಕಡಿಮೆಯಾದ ಮೇಲೆ. ತಿರುಗಿ ನೋಡಿ, ಹಾಗೆಯೇ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ದೇವೀರಿ ಗಂಟನ್ನು ಕೆಳಗಿಟ್ಟು ಅವನ ಎದುರಿಗೆ ಬಂದು ನಿಂತಳು. ಅವಳಪ್ಪನನ್ನು ಉಗುಳುಬಾಯಿ ಎಂದು ನಂಬಿದ್ದವನು ಅವಳ ಕಾಲ ಬುಡದಲ್ಲಿ ಕೂತಿದ್ದ, ಅವಳು ಏನೆಂದರೂ ಸಲ್ಲುತ್ತಿತ್ತು. ನಾನೇ ಅವಳಾಗಿದ್ದರೆ ಆಡದೆ ಬಿಡುತ್ತಿರಲಿಲ್ಲ. ಅವಳು ಕೂತಳು. ಮುಖದ ಮೇಲಿನ ಅವನ ಕೈಗಳನ್ನು ಒಂದೊಂದಾಗಿ ಇಳಿಸಿದಳು. ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು.

"ನಿಮಗೆ ಬ್ಯಾಡದೆ ಇರೋದು ನಂಗೆ ಬೇಕು. ಹಂಗೇ ಹಂಚಿ."

ಅವನಿಗೆ ಎಷ್ಟು ತಿಳಿಯಿತೋ ನಾ ಕಾಣೆ. ತೆರೆದು ಹಿಡಿದಿದ್ದ ಅವಳ ಅಂಗೈಯನ್ನು ನೋಡಿದ. ಆಮೇಲೆ ಉಡಿದಾರಕ್ಕೆ ಕಟ್ಟಿದ್ದ ಚಾವಡಿ ಪೆಟ್ಟಿಗೆಯ ಕೀಲಿಕೈಯನ್ನು ಬಿಚ್ಚತೊಡಗಿದ. ಗಂಟು ಬಿಗಿದಿತ್ತು, ಯಾರೂ ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಬಿಚ್ಚಿ ಅವಳ ಅಂಗೈಯಲ್ಲಿ ಇಟ್ಟ. ಈ ಬಾಗಿಲಿಗೆ ಒಬ್ಬನಾದರೂ ಆಗಲೇ ಹೀಗೆ ಬಂದಿದ್ದರೆ ನನ್ನ ಸಣ್ಣೀರಪ್ಪ ಇವತ್ತು ಹಿತ್ತಲಲ್ಲಿ ಜೊಂಡು ಒಣಹಾಕುತ್ತ ಇರುತ್ತಿದ್ದ ಎನಿಸಿ ಎದೆ ಒಡೆಯಿತು.

ದೇವೀರಿ ಕೀಲಿಕೈ ಹಿಡಿದು ಹೊಸಿಲಿಗೆ ಬಂದಳು. ಮುಂದೆ ನಿಂತಿದ್ದವಳು ಎದುರು ಮನೆಯ ನಂಜವ್ವ, ಎಂಟು ಮಕ್ಕಳನ್ನು ಸಾಕಿ ಸಾಕಾದವಳು, ಯಾರ ಸುದ್ದಿಗೂ ಹೋಗದವಳು. ಅವಳನ್ನು ದೇವೀರಿ ಒಂದು ಮಾತು ಕೇಳಿದಳು. ನಮ್ಮ ಊರು ಹುಟ್ಟಿದಾಗಿನಿಂದ ಗಂಡ ಹೆಂಡತಿಯನ್ನು ಕೇಳಿಲ್ಲ, ತಾಯಿ ಮಗಳನ್ನು ಕೇಳಿಲ್ಲ, ಅಂಥ ಮಾತು.

"ಒಂದೇ ನುಂಗ್ತಿದ್ದಾಗ ನಿಂಗೆ ಯಾವತ್ತಿಗೆ ಕಪ್ಪಾಗ್ತಿತ್ತು ನಂಜವ್ವ?"

ನಂಜವ್ವನ ಮುಖ ಕೆಂಪೇರಿತು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು ಏನೋ ಅಂದಳು. ನನಗೆ ಕೇಳಿಸಲಿಲ್ಲ, ಆದರೆ ಅವಳ ತುಟಿ ನೋಡುತ್ತಿದ್ದೆ. ಬುಧವಾರ ಅಂದಳು.